ಸೆಡಾನ್ ಕಾರಿನ ಸಸ್ಪೆನ್ಷನ್ ದೂರುಗಳು: ಕರಾವಳಿ, ಘಟ್ಟದ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ. ಈ ಕಡೆಯಿಂದ ಕುಮಟಾದ ನಮ್ಮ ಗ್ಯಾರೇಜಿಗೆ ಬರುವ ಸೆಡಾನ್ ಮಾಲೀಕರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಚಕ್ರಕ್ಕೂ ಕಾರಿನ ಚೌಕಟ್ಟಿಗೂ ನಡುವೆ ರಸ್ತೆಯ ಪೆಟ್ಟು ನುಂಗುವ ಸ್ಪ್ರಿಂಗ್, ಶಾಕ್‌ಅಬ್ಸಾರ್ಬರ್ (ಚಿಕ್ಕದಾಗಿ ಶಾಕ್) ಮುಂತಾದ ಭಾಗಗಳಿಗೆ ಒಟ್ಟಾಗಿ ಸಸ್ಪೆನ್ಷನ್ ಅನ್ನುತ್ತೇವೆ. ಹೆಚ್ಚಿನವರದು ಒಂದೇ ದೂರು: "ಇಷ್ಟು ದುಡ್ಡು ಕೊಟ್ಟು ತಗೊಂಡ ಕಾರು, ಸಸ್ಪೆನ್ಷನ್ ಯಾಕೆ ಹೀಗೆ?" ಆದರೆ ಈ ಒಂದು ದೂರಿನ ಒಳಗೆ ಮೂರು ಬೇರೆ ವಿಷಯ ಇರುತ್ತವೆ. ಕೆಲವು ಕಾರಿನ ಸ್ವಭಾವವೇ ಗಟ್ಟಿ. ಕೆಲವದರಲ್ಲಿ ನಮ್ಮ ರಸ್ತೆಗೆ ಯಾವುದೋ ಭಾಗ ಸವೆದಿರುತ್ತದೆ. ಇನ್ನು ಕೆಲವದರಲ್ಲಿ ನಿಜವಾಗಿಯೂ ದೋಷ ಇರುತ್ತದೆ. ಇದರಲ್ಲಿ ಯಾವುದು ಅಂತ ಗೊತ್ತಾಗುವ ಮೊದಲು ದುಡ್ಡು ಖರ್ಚು ಮಾಡಬೇಡಿ, ಜಗಳಕ್ಕೂ ಹೋಗಬೇಡಿ.

ಕಾರು ತಗೊಂಡು ವರ್ಷವೂ ಆಗಿಲ್ಲ. ಸಣ್ಣ ಹೊಂಡಕ್ಕೂ ದಡ್ ಅನ್ನುತ್ತದೆ. ಹಳೆ ಕಾರಿನಲ್ಲಿ ಹೀಗಿರಲಿಲ್ಲ. ಇದು ದೋಷವೇ?

ಬಹಳಷ್ಟು ಸಲ ಅಲ್ಲ. ಮೊದಲು ಟೈರಿನ ಪಕ್ಕದಲ್ಲಿ ಬರೆದ ಅಳತೆ ನೋಡಿ. 185/55 ಆರ್16 ಅಂತ ಇದ್ದರೆ ಟೈರಿನ ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ ಶೇ. 55. ಅಂದರೆ ಸುಮಾರು 102 ಮಿ.ಮೀ. ಹಳೆ ಕಾರುಗಳ 175/70 ಆರ್13 ಟೈರಿಗೆ ಈ ಗೋಡೆ ಸುಮಾರು 122 ಮಿ.ಮೀ. ಇತ್ತು. ಎರಡು ಸೆಂಟಿಮೀಟರ್ ರಬ್ಬರು ಕಡಿಮೆ ಆಯಿತು ಅಲ್ವಾ? ಮೊದಲು ಟೈರೇ ನುಂಗುತ್ತಿದ್ದ ಪೆಟ್ಟು ಈಗ ನೇರವಾಗಿ ರಿಮ್ಮಿಗೆ, ಅಲ್ಲಿಂದ ಶಾಕ್‌ಅಬ್ಸಾರ್ಬರಿಗೆ ಹೋಗುತ್ತದೆ. ಅದರ ಮೇಲೆ, ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಕಾರು ತೇಲಬಾರದು ಅಂತ ಕಂಪನಿಗಳು ಸ್ಪ್ರಿಂಗ್ ಮತ್ತು ಶಾಕನ್ನು ಗಟ್ಟಿ ಇಡುತ್ತವೆ. ಅದರ ಲಾಭ ಅಂಕೋಲಾ, ಭಟ್ಕಳದ ನಡುವೆ ಚತುಷ್ಪಥದಲ್ಲಿ ಸಿಗುತ್ತದೆ. ತೊಂದರೆ ಊರೊಳಗಿನ ರಸ್ತೆಯಲ್ಲಿ ಗೊತ್ತಾಗುತ್ತದೆ.

ಇನ್ನೊಂದು, ಗಾಳಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ನಿಮ್ಮ ಟೈರಿಗೆ ಎಷ್ಟು ಗಾಳಿ ಅಂತ ಅದರಲ್ಲಿದೆ. ಬಂಕಿನಲ್ಲಿ ಕೇಳದೆ 40 ಪಿಎಸ್‌ಐ ಹಾಕಿದರೆ ಯಾವ ಕಾರಾದರೂ ಕಲ್ಲಿನ ಹಾಗೆ ಕುಣಿಯುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗ ಆ ಚೀಟಿಯ ಲೆಕ್ಕಕ್ಕೆ ಗಾಳಿ ಹಾಕಿಸಿ ಒಂದು ವಾರ ಓಡಿಸಿ ನೋಡಿ. ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಪೆಟ್ಟು ಗಟ್ಟಿ ಇದ್ದರೂ ಒಂದೇ ಸಲ ದಡ್ ಅಂದು ಸುಮ್ಮನಾದರೆ ಅದು ಕಾರಿನ ಸ್ವಭಾವ. ಪೆಟ್ಟಿನ ಜೊತೆ ಲೋಹದ ಸದ್ದು ಬಂದರೆ, ಕಾರು ಎರಡು ಮೂರು ಸಲ ಕುಣಿದರೆ, ಸ್ಟೇರಿಂಗ್ ಒಂದು ಕಡೆ ಎಳೆದರೆ, ಅಥವಾ ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದ್ದರೆ ತೋರಿಸಲೇಬೇಕು.

ಮುಂದಿನಿಂದ ಕಟಕಟ ಸದ್ದು ಬರುತ್ತದೆ. ಯಾವ ಭಾಗ ಹೋಗಿದೆ ಅಂತ ನಾವೇ ಗೊತ್ತು ಮಾಡಿಕೊಳ್ಳಬಹುದಾ?

ಪೂರ್ತಿ ಆಗದಿದ್ದರೂ ತುಂಬ ಹತ್ತಿರ ಬರಬಹುದು. ಅದಕ್ಕೆ ನಮ್ಮ ಸೇತುವೆಗಳೇ ಸಾಕು.

ಹೊನ್ನಾವರದ ಶರಾವತಿ ಸೇತುವೆಯನ್ನೋ ಕಾರವಾರದ ಕಾಳಿ ಸೇತುವೆಯನ್ನೋ ದಾಟುವಾಗ ಅಡ್ಡಕ್ಕೆ ಜಾಯಿಂಟ್‌ಗಳು ಸಿಗುತ್ತವೆ. ಅಲ್ಲಿ ಎಡ, ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಪೆಟ್ಟು ಬೀಳುತ್ತದೆ. ಒಳರಸ್ತೆಯ ಹೊಂಡದಲ್ಲಿ ಮಾತ್ರ ಒಂದೇ ಚಕ್ರ ಇಳಿಯುತ್ತದೆ. ಎರಡು ಚಕ್ರದ ನಡುವೆ ಸ್ಟೆಬಿಲೈಸರ್ ಬಾರ್ ಅಂತ ಒಂದು ಉದ್ದದ ಕಂಬಿ ಇದೆ. ಅದರ ಎರಡೂ ತುದಿಗೆ ಲಿಂಕ್ ರಾಡ್ ಇರುತ್ತದೆ. ಎರಡೂ ಚಕ್ರ ಒಟ್ಟಿಗೆ ಏರಿದರೆ ಈ ಕಂಬಿಗೆ ತಿರುಚುವ ಕೆಲಸ ಇಲ್ಲ. ಒಂದೇ ಚಕ್ರ ಇಳಿದಾಗ ಅದು ತಿರುಚುತ್ತದೆ, ಆಗ ಸವೆದ ಲಿಂಕ್ ರಾಡ್ ಕಟಕಟ ಅನ್ನುತ್ತದೆ. ಹಾಗಾಗಿ ಸೇತುವೆಯ ಜಾಯಿಂಟಿನಲ್ಲಿ, ಪೂರ್ತಿ ಅಗಲದ ಹಂಪಿನಲ್ಲಿ ಸದ್ದಿಲ್ಲ, ಹೊಂಡದಲ್ಲಿ ಮಾತ್ರ ಸದ್ದು ಅಂದರೆ ಮೊದಲು ಲಿಂಕ್ ರಾಡನ್ನೂ ಬಾರಿನ ರಬ್ಬರ್ ಬುಶ್ಶನ್ನೂ (ಲೋಹದ ಭಾಗಗಳ ನಡುವೆ ಕೂರುವ ರಬ್ಬರಿನ ತುಂಡು) ನೋಡಿಸಿ. ಇದು ಅಗ್ಗದ ಕೆಲಸ. ಇದನ್ನು ನೋಡದೆ ನೇರ ಶಾಕ್ ಬದಲಿಸಿ ಹಣ ಕಳೆದುಕೊಂಡವರು ಬಹಳ ಜನ.

ಸೇತುವೆಯ ಜಾಯಿಂಟಿನಲ್ಲೂ ಹೊಂಡದಲ್ಲೂ ಸದ್ದು ಬಂದರೆ ಶಾಕ್, ಅದನ್ನು ಮೇಲೆ ಕಾರಿನ ಚೌಕಟ್ಟಿಗೆ ಕೂರಿಸುವ ಸ್ಟ್ರಟ್ ಮೌಂಟ್, ಅಥವಾ ಚಕ್ರವನ್ನು ಕೆಳಗಿನಿಂದ ಚೌಕಟ್ಟಿಗೆ ಹಿಡಿದಿಡುವ ಲೋವರ್ ಆರ್ಮಿನ ಬುಶ್ ಕಡೆ ಅನುಮಾನ ಪಡಿ. ಬ್ರೇಕ್ ಹಾಕಿದಾಗ, ಬಿಟ್ಟಾಗ ಕೆಳಗಿನಿಂದ ಒಂದು ಟಕ್ ಬರುತ್ತದೆ ಅಂದರೆ ಹೆಚ್ಚಾಗಿ ಲೋವರ್ ಆರ್ಮಿನ ಹಿಂದಿನ ಬುಶ್. ಕುಮಟಾ, ಶಿರಸಿ ನಡುವಿನ ದೇವಿಮನೆ ಘಟ್ಟ ಇಳಿಯುವವರಿಗೆ ಇದು ಬೇಗ ಗೊತ್ತಾಗುತ್ತದೆ, ಯಾಕೆಂದರೆ ಅಲ್ಲಿ ತಿರುವಿಗೊಮ್ಮೆ ಬ್ರೇಕ್. ಕಾರು ನಿಲ್ಲಿಸಿ ಸ್ಟೇರಿಂಗ್ ತಿರುಗಿಸಿದಾಗ ಬಾನೆಟ್ ಕಡೆಯಿಂದ "ಟಣ್" ಅಂದರೆ ಸ್ಟ್ರಟ್ ಮೌಂಟಿನ ಬೇರಿಂಗ್ ಹಿಡಿಯುತ್ತಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋದಾಗ ಮಾತ್ರ ಒಂದೇ ಲಯದಲ್ಲಿ ಕಟಕಟ ಬಂದರೆ ಅದು ಸಸ್ಪೆನ್ಷನ್ನೇ ಅಲ್ಲ. ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಕೊಡುವ ಆಕ್ಸಲ್ಲಿನ ಸಿವಿ ಜಾಯಿಂಟ್ (ಮಡಚುವ ಕೀಲು).

ವೇಗ ಹೆಚ್ಚಾದ ಹಾಗೆ ಊಂ ಅನ್ನುವ ಸದ್ದೂ ಹೆಚ್ಚಾಗಿ, ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗ್. ಮಳೆಗಾಲದಲ್ಲಿ ಚಕ್ರ ಮುಳುಗುವ ನೀರಿನಲ್ಲಿ ಹೋದ ಕಾರುಗಳಲ್ಲಿ ಇದು ಜಾಸ್ತಿ.

ಹಿಂದಿನಿಂದ ಟಕ ಟಕ ಸದ್ದು. ಶಾಕ್ ಬದಲಿಸಿದರೂ ಹೋಗಿಲ್ಲ.

ಡಿಕ್ಕಿ ಖಾಲಿ ಮಾಡಿ. ಕಾರ್ಪೆಟ್ ಎತ್ತಿ ಸ್ಟೆಪ್ನಿಯ ಬೋಲ್ಟ್ ಗಟ್ಟಿ ಇದೆಯಾ, ಜ್ಯಾಕ್ ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿದೆಯಾ, ಸ್ಪಾನರ್ ಸುತ್ತಿದ ಬಟ್ಟೆ ಬಿಚ್ಚಿದೆಯಾ ನೋಡಿ. ಎಲ್ಲವನ್ನೂ ಮನೆಯಲ್ಲಿಟ್ಟು ಅದೇ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಹಿಂದಿನ ಸೀಟಿನ ಬೆನ್ನು ಸರಿಯಾಗಿ ಲಾಕ್ ಆಗದಿದ್ದರೂ ಇದೇ ಸದ್ದು ಬರುತ್ತದೆ. ಕೆಳಗಡೆ ಇಂಜಿನ್ನಿನ ಪ್ಲಾಸ್ಟಿಕ್ ಮುಚ್ಚಳದ ಕ್ಲಿಪ್ ಹಾರಿದ್ದರೆ ಮುಂದಿನಿಂದಲೂ ಹೀಗೇ.

ಶಾಕ್ ಲೀಕ್ ಆಗಿದೆ ಅಂತ ಗ್ಯಾರೇಜಿನಲ್ಲಿ ಹೇಳಿದರು. ನಂಬಬಹುದಾ?

ಕಣ್ಣಾರೆ ನೋಡಿ. ಕಾರು ಲಿಫ್ಟಿನ ಮೇಲಿರುವಾಗಲೇ ಕೆಳಗೆ ಹೋಗಿ, ತೋರಿಸಿ ಅಂತ ಕೇಳಿ. ಅದು ನಿಮ್ಮ ಹಕ್ಕು. ಮೇಲಿನ ಸೀಲಿನ ಹತ್ತಿರ ತೆಳುವಾಗಿ ಎಣ್ಣೆಯ ಪಸೆ, ಅದಕ್ಕೆ ಧೂಳು ಅಂಟಿದ್ದರೆ ಅದು ಸಾಮಾನ್ಯ. ಎಣ್ಣೆ ಕೆಳಗಿನವರೆಗೆ ಹರಿದು ಒದ್ದೆಯಾಗಿದ್ದರೆ, ಬೆರಳಿಟ್ಟರೆ ಹನಿಯಾಗಿ ಬಂದರೆ ಶಾಕ್ ಹೋಗಿದೆ. ಮಳೆಯಲ್ಲಿ ಬಂದ ಕಾರನ್ನು ಒರೆಸಿ ನೋಡಬೇಕು. ನೀರನ್ನು ಎಣ್ಣೆ ಅಂದುಕೊಂಡವರೂ ಇದ್ದಾರೆ.

ಕಾರಿನ ಮೂಲೆ ಒತ್ತಿ ಬಿಟ್ಟು ಎಷ್ಟು ಕುಣಿಯುತ್ತದೆ ನೋಡುವ ಹಳೆ ಪರೀಕ್ಷೆ ಈಗಿನ ಗಟ್ಟಿ ಶಾಕ್‌ಗಳಿಗೆ ಅಷ್ಟು ಸರಿಹೋಗುವುದಿಲ್ಲ. ಅರ್ಧ ಸತ್ತ ಶಾಕ್ ಕೂಡ ಅದರಲ್ಲಿ ಪಾಸಾಗುತ್ತದೆ. ಅದಕ್ಕಿಂತ ಟೈರಿನ ಮೇಲೆ ಕೈ ಆಡಿಸಿ ನೋಡಿ. ಸುತ್ತಲೂ ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು ಸಿಕ್ಕರೆ ಆ ಚಕ್ರ ರಸ್ತೆಯ ಮೇಲೆ ಕುಪ್ಪಳಿಸುತ್ತಿದೆ ಅಂತ ಅರ್ಥ.

ನಮ್ಮ ಕಡೆ ಶಾಕ್ ಸಾಯುವುದು ಹೆಚ್ಚಾಗಿ ಅದರ ಮೇಲಿನ ರಬ್ಬರ್ ಮುಸುಕು ಹರಿದಾಗ. ಆ ಮುಸುಕಿನ ಒಳಗೆ ಕನ್ನಡಿಯ ಹಾಗೆ ಹೊಳೆಯುವ ರಾಡ್ ಇದೆ. ಮುಸುಕು ಹರಿದರೆ ಕೆಂಪು ಮಣ್ಣಿನ ನೀರು ರಾಡಿಗೆ ಹತ್ತುತ್ತದೆ. ಒಣಗಿದ ಮೇಲೆ ಆ ಮಣ್ಣಿನ ಹರಳು ರಾಡಿನ ಜೊತೆ ಮೇಲೆ ಕೆಳಗೆ ಓಡಾಡಿ ಸೀಲನ್ನು ಕೊಯ್ಯುತ್ತದೆ. ಆಮೇಲೆ ಎಣ್ಣೆ ನಿಲ್ಲುವುದಿಲ್ಲ. ಮುಸುಕು ಹರಿದದ್ದು ಕಂಡ ದಿನವೇ ಬದಲಿಸಿದರೆ ಶಾಕ್ ಉಳಿಯುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಒಮ್ಮೆ ನಾಲ್ಕೂ ಚಕ್ರದ ಹಿಂದೆ ಟಾರ್ಚ್ ಹಿಡಿದು ನೋಡಿ. ದುಡ್ಡಿಲ್ಲದ ಕೆಲಸ.

ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ಘಟ್ಟದ ತಿರುವಿನಲ್ಲಿ ಕಾರು ಎಡಕ್ಕೆ ಒಂದು ಥರ, ಬಲಕ್ಕೆ ಒಂದು ಥರ ವಾಲುತ್ತದೆ.

ಶಾಕ್ ಹೋಗಿ ಕಾರಿನ ಹಿಂಭಾಗ ತಗ್ಗಿದೆ ಅನ್ನುತ್ತಾರೆ. ಹೌದಾ?

ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ. ಸ್ಪ್ರಿಂಗ್ ಕುಣಿಯುವುದನ್ನು ನಿಲ್ಲಿಸುವುದಷ್ಟೇ ಶಾಕಿನ ಕೆಲಸ. ಹಾಗಾಗಿ ಖಾಲಿ ಕಾರೇ ತಗ್ಗಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ. ಶಿರಸಿ, ಸಿದ್ದಾಪುರದ ಕಡೆ ಡಿಕ್ಕಿಯಲ್ಲಿ ಅಡಿಕೆ ಮೂಟೆ ಹಾಕಿಕೊಂಡು ಪೇಟೆಗೆ ಹೋಗುವವರು ಇದನ್ನು ಗಮನಿಸಬೇಕು. ಖಾಲಿ ಇದ್ದಾಗ ನೆಲದಿಂದ ಚಕ್ರದ ಕಮಾನಿನ ತುದಿಯವರೆಗೆ ಎರಡೂ ಕಡೆ ಟೇಪ್ ಹಿಡಿದು ಅಳೆಯಿರಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸ್ಪ್ರಿಂಗ್ ನೋಡಿಸಿ. ಕರಾವಳಿಯಲ್ಲಿ ಸ್ಪ್ರಿಂಗಿನ ಕಟ್ಟಕಡೆಯ ಸುರುಳಿ ಕೂರುವ ಜಾಗದಲ್ಲಿ ಕೆಸರು ತುಂಬಿ, ಬಣ್ಣ ಎದ್ದು, ತುಕ್ಕು ಹಿಡಿದು ಅಲ್ಲೇ ಮುರಿಯುತ್ತದೆ. ಮುರಿದ ತುಂಡು ಅಲ್ಲೇ ಕೂತಿರುವುದರಿಂದ ಸುಲಭಕ್ಕೆ ಕಾಣುವುದಿಲ್ಲ.

ಬಿಸಿಲಿಗೆ ಕಿರ್ರ್ ಅನ್ನುತ್ತದೆ, ಮಳೆ ಬಂದರೆ ಸದ್ದೇ ಇಲ್ಲ. ಯಾಕೆ?

ಒಣಗಿದ ರಬ್ಬರ್ ಬುಶ್. ಒಂದು ಬಾಟಲಿಯಲ್ಲಿ ನೀರು ತಗೊಂಡು ಒಂದೊಂದೇ ಬುಶ್ಶಿಗೆ ಚಿಮುಕಿಸಿ, ಇನ್ನೊಬ್ಬರಿಗೆ ಕಾರು ಅಲ್ಲಾಡಿಸಲು ಹೇಳಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಂತಿತೋ ಅದೇ. ಬಿರುಕು ಬಿಟ್ಟಿಲ್ಲದಿದ್ದರೆ ಸಿಲಿಕೋನ್ ಸ್ಪ್ರೇ ಸಾಕು.

ದಯವಿಟ್ಟು ಡೀಸೆಲ್, ಹಳೆ ಇಂಜಿನ್ ಆಯಿಲ್ ಹೊಡೆಸಬೇಡಿ. ತುಕ್ಕು ಹಿಡಿಯಬಾರದು ಅಂತ ವಾಷಿಂಗ್ ಆದ ಮೇಲೆ ಕಾರಿನ ಅಡಿಗೆಲ್ಲ ಡೀಸೆಲ್ ಸಿಂಪಡಿಸುವ ಅಭ್ಯಾಸ ಇನ್ನೂ ಇದೆ. ಎಣ್ಣೆ ಕುಡಿದ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ತುಕ್ಕು ತಪ್ಪಿಸಲು ಹೋಗಿ ಎಲ್ಲ ಬುಶ್ಶೂ ಒಟ್ಟಿಗೆ ಹಾಳು.

ಲೋವರ್ ಆರ್ಮ್ ಬದಲಿಸಿ ಆರು ತಿಂಗಳಾಯಿತು. ಮತ್ತೆ ಅದೇ ಸದ್ದು. ಡೂಪ್ಲಿಕೇಟ್ ಪಾರ್ಟ್ ಹಾಕಿದರಾ?

ಇರಬಹುದು. ಆದರೆ ಒರಿಜಿನಲ್ ಪಾರ್ಟೇ ಹಾಕಿದರೂ ಬುಶ್ ಬೇಗ ಹರಿಯುವುದಕ್ಕೆ ಇನ್ನೊಂದು ಕಾರಣ ಇದೆ. ಈ ವಿಷಯ ಎಲ್ಲ ಮಾಲೀಕರಿಗೂ ಗೊತ್ತಿರಬೇಕು ಅಂತ ನನ್ನ ಆಸೆ.

ಹೆಚ್ಚಿನ ಸೆಡಾನ್‌ಗಳ ಲೋವರ್ ಆರ್ಮ್ ಬುಶ್ಶಿನಲ್ಲಿ ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು ಕಬ್ಬಿಣದ ಬಳೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್ ಇರುತ್ತದೆ. ಬೋಲ್ಟ್ ಬಿಗಿದಾಗ ಅದು ಒಳಗಿನ ಕೊಳವೆಯನ್ನು ಅಲ್ಲಾಡದಂತೆ ಹಿಡಿದುಕೊಳ್ಳುತ್ತದೆ. ಆಮೇಲೆ ಚಕ್ರ ಮೇಲೆ ಕೆಳಗೆ ಆದಾಗ ತಿರುಚುವುದು ರಬ್ಬರ್ ಮಾತ್ರ. ಕಾರು ಲಿಫ್ಟಿನ ಮೇಲಿದ್ದಾಗ ಚಕ್ರ ಕೆಳಗೆ ಜೋತಾಡುತ್ತಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟ್ ಪೂರ್ತಿ ಬಿಗಿದುಬಿಟ್ಟರೆ, ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಮನೆಯ ಅಂಗಳದಲ್ಲಿ ಸುಮ್ನೆ ನಿಂತಾಗಲೂ ಅದು ತಿರುಚಿಕೊಂಡೇ ಇರುತ್ತದೆ. ಅದರ ಮೇಲೆ ಹೊಂಡದ ಪೆಟ್ಟು ಬಿದ್ದರೆ ಹರಿಯದೆ ಇನ್ನೇನು?

ಸರಿಯಾದ ಕ್ರಮ ಹೀಗೆ. ಲಿಫ್ಟಿನ ಮೇಲೆ ಬೋಲ್ಟನ್ನು ಸಡಿಲವಾಗಿ ಕೂರಿಸಬೇಕು. ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರ, ಅಥವಾ ಕೆಳಗಿನಿಂದ ಜ್ಯಾಕ್ ಕೊಟ್ಟು ಆರ್ಮನ್ನು ಅದೇ ಎತ್ತರಕ್ಕೆ ತಂದ ನಂತರ, ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪಾನರ್) ಬಿಗಿಯಬೇಕು. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಕೆಲಸಕ್ಕೆ ಬಿಡುವಾಗಲೇ "ಬೋಲ್ಟ್ ಕೊನೆಯಲ್ಲಿ ಭಾರದ ಮೇಲೆ ಬಿಗಿಯುತ್ತೀರಲ್ಲ?" ಅಂತ ಕೇಳಿ. ಗೊತ್ತಿರುವ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ. ಹಿಂದಿನ ಎರಡು ಚಕ್ರವನ್ನು ಜೋಡಿಸುವ ಆಕ್ಸಲ್ ಬೀಮಿನ ಬುಶ್ಶಿಗೂ ಇದೇ ಕ್ರಮ.

ಅಲೈನ್‌ಮೆಂಟ್ ಮಾಡಿಸಿದರೂ ಕಾರು ಎಡಕ್ಕೆ ಎಳೆಯುತ್ತದೆ. ಕ್ಯಾಂಬರ್ ಔಟ್ ಆಗಿದೆ, ಬೆಂಡ್ ಮಾಡಿ ಸರಿಮಾಡುತ್ತೇವೆ ಅನ್ನುತ್ತಾರೆ.

ಒಪ್ಪಬೇಡಿ. ನಮ್ಮಲ್ಲಿ ಓಡುವ ಹೆಚ್ಚಿನ ಸೆಡಾನ್‌ಗಳಲ್ಲಿ ಮುಂದಿನ ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ ಹೊಂದಿಸಬಹುದು. ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಹೊಂದಿಸಲು ಜಾಗವೇ ಕೊಟ್ಟಿರುವುದಿಲ್ಲ. ಅದು ಅಳತೆ ತಪ್ಪಿದೆ ಅಂದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ. ಬಾಗಿದ್ದು ಯಾವುದು ಅಂತ ಹುಡುಕದೆ, ಚೆನ್ನಾಗಿರುವ ಸ್ಟ್ರಟ್ಟಿಗೆ ಹೈಡ್ರಾಲಿಕ್ ಜ್ಯಾಕ್ ಕೊಟ್ಟು ಬಗ್ಗಿಸಿದರೆ ಕಂಪ್ಯೂಟರಿನಲ್ಲಿ ಹಸಿರು ಬರುತ್ತದೆ, ಶಾಕ್ ಒಳಗಿನಿಂದ ಹಾಳಾಗುತ್ತದೆ.

ಎಳೆತ ಟೈರಿನದೂ ಇರಬಹುದು. ಮುಂದಿನ ಎರಡು ಚಕ್ರ ಅದಲು ಬದಲು ಮಾಡಿ ನೋಡಿ. ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟೈರಿನದು. ತಿರುಗುವ ದಿಕ್ಕಿನ ಬಾಣದ ಗುರುತು ಇರುವ ಟೈರಿಗೆ ಮಾತ್ರ ಹೀಗೆ ಮಾಡಬೇಡಿ. ಮತ್ತೆ, ಮಳೆನೀರು ಹರಿಯಲೆಂದು ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಹಾಗಾಗಿ ಎಡಕ್ಕೆ ಸ್ವಲ್ಪ ಎಳೆಯುವುದು ಸಹಜ.

ಹಂಪಿಗೆ ತಳ ತಾಗುತ್ತದೆ. ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಅಥವಾ ಮೇಲೆ ಸ್ಪೇಸರ್ ಹಾಕಿಸಬಹುದಾ?

ನನ್ನ ಅಭಿಪ್ರಾಯ ಬೇಡ ಅಂತಲೇ. ರಬ್ಬರ್ ಬಫರ್ ಸ್ಪ್ರಿಂಗಿನ ಒಂದು ಸುರುಳಿಯ ಕೆಲಸವನ್ನೇ ನಿಲ್ಲಿಸುತ್ತದೆ. ಉಳಿದ ಸುರುಳಿಗಳ ಮೇಲೆ ಹೊರೆ ಜಾಸ್ತಿ, ಸವಾರಿ ಇನ್ನೂ ಗಟ್ಟಿ. ಸ್ಪೇಸರ್ (ಕಾರನ್ನು ಎತ್ತರಿಸುವ ದಪ್ಪ ಬಿಲ್ಲೆ) ಹಾಕಿದರೆ ಆಕ್ಸಲ್ಲಿನ ಕೋನ ಬದಲಾಗುತ್ತದೆ, ಅಲೈನ್‌ಮೆಂಟ್ ಕೆಡುತ್ತದೆ. ವಾರಂಟಿ ಕೇಳಲು ಹೋದಾಗ "ನೀವೇ ಬದಲಾಯಿಸಿದ್ದೀರಿ" ಅನ್ನಲು ದಾರಿ ಮಾಡಿಕೊಟ್ಟ ಹಾಗೂ ಆಗುತ್ತದೆ.

ಇದರಲ್ಲಿ ಕಾರಿನ ತಪ್ಪಿಗಿಂತ ಹಂಪಿನ ತಪ್ಪು ದೊಡ್ಡದು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಹಂಪ್ ಕಾರು ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವಂತಿರಬೇಕು. ನಮ್ಮ ಊರುಗಳ ಒಳಗಿನ ಎಷ್ಟೋ ಹಂಪುಗಳು ಒಂದು ಮೀಟರ್ ಅಗಲವೂ ಇಲ್ಲದ ದಿಬ್ಬಗಳು. ಸೆಡಾನ್‌ಗಳ ತಳದ ಎತ್ತರ ಖಾಲಿ ಇದ್ದಾಗ 165ರಿಂದ 180 ಮಿ.ಮೀ., ಐದು ಜನ ಕೂತರೆ ಅದೂ ಇಲ್ಲ. ರಸ್ತೆ ಖಾಲಿ ಇದ್ದರೆ ಹಂಪನ್ನು ಓರೆಯಾಗಿ ದಾಟಿ. ಹಂಪಿನ ಮೇಲೆ ಬ್ರೇಕ್ ಹಿಡಿದಿರಬೇಡಿ, ಮೊದಲೇ ನಿಧಾನ ಮಾಡಿ ಬ್ರೇಕ್ ಬಿಟ್ಟು ದಾಟಿ. ಬ್ರೇಕ್ ಒತ್ತಿದಾಗ ಮೂತಿ ತಗ್ಗುತ್ತದೆ, ಅದೇ ತಾಗುವುದು. ಮತ್ತೆ ಪಂಚಾಯ್ತಿಗೋ ಲೋಕೋಪಯೋಗಿ ಇಲಾಖೆಗೋ ಫೋಟೊ ಸಮೇತ ಅರ್ಜಿ ಕೊಡಿ.

ಶೋರೂಮಿನವರು "ಎಲ್ಲ ಕಾರೂ ಹೀಗೇ, ನಾರ್ಮಲ್" ಅಂತ ಕಳಿಸುತ್ತಾರೆ. ಏನು ಮಾಡಬೇಕು?

ಮೊದಲನೆಯದಾಗಿ, ಬಾಯಿಮಾತಿನ ದೂರು ದೂರೇ ಅಲ್ಲ. ಸದ್ದು ಯಾವಾಗ, ಯಾವ ವೇಗದಲ್ಲಿ, ಯಾವ ಕಡೆಯಿಂದ ಬರುತ್ತದೆ ಅಂತ ಜಾಬ್ ಕಾರ್ಡಿನಲ್ಲಿ (ಕಾರು ಬಿಡುವಾಗ ಕೆಲಸ ಬರೆದುಕೊಳ್ಳುವ ಕಾಗದ) ನಿಮ್ಮ ಮಾತಲ್ಲೇ ಬರೆಸಿ. "ಜನರಲ್ ಚೆಕಪ್" ಅಂತ ಬರೆದರೆ ಒಪ್ಪಬೇಡಿ. ನಾಳೆ ವಾರಂಟಿ ಮುಗಿದ ಮೇಲೆ, ಅವಧಿಯ ಒಳಗೇ ದೂರು ಕೊಟ್ಟಿದ್ದೆ ಅಂತ ತೋರಿಸಲು ಉಳಿಯುವುದು ಆ ಕಾಗದ ಒಂದೇ. ಕಾರು ವಾಪಸ್ ತಗೊಳ್ಳುವಾಗ ಏನು ನೋಡಿದರು, ಏನು ಮಾಡಿದರು ಅನ್ನುವುದನ್ನೂ ಬರೆಸಿ.

ಎರಡನೆಯದು, ಟೆಸ್ಟ್ ಡ್ರೈವಿಗೆ ನೀವೂ ಹೋಗಿ. ಶೋರೂಮ್ ಮುಂದಿನ ನುಣ್ಣನೆಯ ಹೆದ್ದಾರಿಯಲ್ಲಿ ಸದ್ದು ಬರುವುದಿಲ್ಲ. ಸದ್ದು ಬರುವ ರಸ್ತೆಗೇ ಕರೆದುಕೊಂಡು ಹೋಗಿ. ಇಂಜಿನ್ ತಣ್ಣಗಿದ್ದಾಗ ಬೆಳಿಗ್ಗೆ ಮಾತ್ರ ಸದ್ದು ಬಂದರೆ ಹಿಂದಿನ ರಾತ್ರಿಯೇ ಕಾರು ಬಿಟ್ಟು ಬನ್ನಿ. ಅದೇ ಮಾದರಿಯ ಇನ್ನೊಂದು ಕಾರಿನಲ್ಲಿ ಅದೇ ರಸ್ತೆಯಲ್ಲಿ ಹೋಗಿ ತೋರಿಸಿ ಅಂತ ಕೇಳಿ. ನಿಜವಾಗಿಯೂ ನಾರ್ಮಲ್ ಆಗಿದ್ದರೆ ಅದರಲ್ಲೂ ಸದ್ದು ಬರಬೇಕು ಅಲ್ವಾ? ಈ ಒಂದು ಪ್ರಶ್ನೆಯಿಂದ ಎಷ್ಟೋ ಕೆಲಸ ಆಗುತ್ತದೆ.

ವಾರಂಟಿ ಪುಸ್ತಕ ಓದಿ. ಬುಶ್, ರಬ್ಬರ್ ಭಾಗಗಳನ್ನು ಸವೆಯುವ ವಸ್ತು ಅಂತ ಕೆಲವು ಕಂಪನಿಗಳು ಹೊರಗಿಡುತ್ತವೆ ಅಥವಾ ಕಡಿಮೆ ಅವಧಿ ಕೊಡುತ್ತವೆ. ಅದು ಕಂಪನಿಯಿಂದ ಕಂಪನಿಗೆ ಬೇರೆ.

ಡೀಲರ್ ಕೇಳದಿದ್ದರೆ ಕಂಪನಿಗೆ ಇಮೇಲ್ ಮಾಡಿ, ಜಾಬ್ ಕಾರ್ಡಿನ ಫೋಟೊ, ಸದ್ದಿನ ವಿಡಿಯೊ ಸೇರಿಸಿ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊನೆಗೆ ಗ್ರಾಹಕರ ಆಯೋಗ. ನಮ್ಮ ಜಿಲ್ಲೆಯದು ಕಾರವಾರದಲ್ಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ತಗೊಂಡಿದ್ದರೂ ಅಲ್ಲಿಗೆ ಓಡಾಡಬೇಕಿಲ್ಲ. ನೀವು ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗ ಸಾಕು. 10ರಿಂದ 20 ಲಕ್ಷದ ಕಾರಿಗೆ ಶುಲ್ಕ 400 ರೂಪಾಯಿ. ತೊಂದರೆ ಶುರುವಾದ 2 ವರ್ಷದ ಒಳಗೆ ಕೊಡಬೇಕು. ತಯಾರಿಕೆಯ ದೋಷ ಅಂತ ವಾದ ಮಾಡುವುದಾದರೆ ತಜ್ಞರ ವರದಿ ಬೇಕಾಗುತ್ತದೆ. ಹಾಗಾಗಿ ಬದಲಿಸಿದ ಹಳೆ ಭಾಗವನ್ನು ಎಸೆಯಲು ಬಿಡಬೇಡಿ. ವಾರಂಟಿಯಲ್ಲಿ ಬದಲಿಸಿದರೆ ಕಂಪನಿ ವಾಪಸ್ ತಗೊಳ್ಳುತ್ತದೆ, ಆಗ ಕನಿಷ್ಠ ಫೋಟೊ ತೆಗೆದಿಡಿ.

ನನ್ನ ಕಾರಿಗೆ ರೀಕಾಲ್ ಇದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ರೀಕಾಲ್ ಅಂದರೆ ದೋಷ ಕಂಡ ಕಾರುಗಳನ್ನು ಸರಿಮಾಡಲು ಕಂಪನಿಯೇ ವಾಪಸ್ ಕರೆಯುವುದು. ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿ ನೋಡಿ. ಚಾಸಿ ನಂಬರ್ ಆರ್‌ಸಿಯಲ್ಲಿದೆ. ಮೊಬೈಲ್ ನಂಬರ್ ಬದಲಾಗಿದ್ದರೆ, ಸೆಕೆಂಡ್ ಹ್ಯಾಂಡ್ ಕಾರಾಗಿದ್ದರೆ ಕಂಪನಿಯ ಸಂದೇಶ ನಿಮಗೆ ತಲುಪಿರುವುದಿಲ್ಲ, ಆದ್ದರಿಂದ ನೀವೇ ನೋಡಬೇಕು. ರೀಕಾಲ್ ಕೆಲಸಕ್ಕೆ ದುಡ್ಡಿಲ್ಲ.

ನೀರು ತುಂಬಿದ ಹೊಂಡಕ್ಕೆ ಬಿದ್ದು ಲೋವರ್ ಆರ್ಮ್ ಬಾಗಿದೆ. ಇನ್ಶೂರೆನ್ಸ್ ಬರುತ್ತದಾ?

ಒಮ್ಮೆಲೇ ಆದ ಪೆಟ್ಟಿಗೆ ಬರುತ್ತದೆ, ಸವೆತಕ್ಕೆ ಬರುವುದಿಲ್ಲ. ಅದಕ್ಕೇ ಅದೇ ದಿನ ಹೊಂಡದ, ಚಕ್ರದ, ಬಾಗಿದ ಭಾಗದ ಫೋಟೊ ತೆಗೆದು ಇನ್ಶೂರೆನ್ಸ್ ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮೊದಲು ರಿಪೇರಿ ಮಾಡಿಸಬೇಡಿ. ಝೀರೋ ಡೆಪ್ (ಭಾಗ ಹಳೆಯದು ಅಂತ ಹಣ ಕಳೆಯದ ಪಾಲಿಸಿ) ಇಲ್ಲದಿದ್ದರೆ ರಬ್ಬರ್, ಪ್ಲಾಸ್ಟಿಕ್ ಭಾಗ, ಟೈರಿಗೆ ಅರ್ಧ ಹಣ ಕಳೆಯುತ್ತಾರೆ. ಸಣ್ಣ ಖರ್ಚಾದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಎಷ್ಟು ಹೋಗುತ್ತದೆ ಅಂತ ಮೊದಲು ಲೆಕ್ಕ ಹಾಕಿ.

ಸಮುದ್ರದ ಪಕ್ಕದಲ್ಲೇ ಮನೆ. ಬೇರೆ ಏನಾದರೂ ಜಾಗ್ರತೆ ಬೇಕಾ?

ಕಾರನ್ನು ಮರಳಿಗೆ, ಅಲೆ ಬರುವ ಜಾಗಕ್ಕೆ ಇಳಿಸಬೇಡಿ. ಇಳಿಸಿದ್ದರೆ ಅದೇ ದಿನ ಸಿಹಿನೀರಿನಲ್ಲಿ ಅಡಿಭಾಗ ತೊಳೆಸಿ, ಸ್ಪ್ರಿಂಗ್ ಕೂರುವ ಬಟ್ಟಲು ಮತ್ತು ಹಿಂದಿನ ಬೀಮಿನ ಒಳಮೂಲೆ ಬಿಡದ ಹಾಗೆ. ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಕೆಸರು ಪೂರ್ತಿ ತೆಗೆಸಿ, ಚೆನ್ನಾಗಿ ಒಣಗಿಸಿ, ತುಕ್ಕು ತಡೆಯುವ ಕೋಟಿಂಗ್ ಹೊಡೆಸಿ. ಒದ್ದೆ ಕೆಸರಿನ ಮೇಲೇ ಕೋಟಿಂಗ್ ಹೊಡೆದರೆ ಉಪ್ಪು ಒಳಗೇ ಉಳಿಯುತ್ತದೆ. ರಬ್ಬರ್ ಬುಶ್, ಶಾಕಿನ ರಾಡ್, ಬ್ರೇಕ್ ಡಿಸ್ಕಿಗೆ ಅದು ತಾಗದಂತೆ ಮುಚ್ಚಿ ಹೊಡೆಯಲು ಹೇಳಿ.

ದಿನಾ ಘಟ್ಟ ಹತ್ತಿ ಇಳಿಯುವವರು ಎಷ್ಟು ಕಿ.ಮೀ.ಗೆ ಒಮ್ಮೆ ನೋಡಿಸಬೇಕು?

10,000 ಕಿ.ಮೀ.ಗೆ ಒಮ್ಮೆ ಅಲೈನ್‌ಮೆಂಟ್, ಟೈರ್‌ಗಳ ಜಾಗ ಅದಲು ಬದಲು. ಆಗಲೇ ಬುಶ್, ಬಾಲ್ ಜಾಯಿಂಟ್ (ಲೋವರ್ ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಕೀಲು), ಲಿಂಕ್ ರಾಡ್, ಶಾಕಿನ ಮುಸುಕು ನೋಡಿಸಿ. ದೊಡ್ಡ ಹೊಂಡಕ್ಕೆ ಜೋರಾಗಿ ಬಿದ್ದಿದ್ದರೆ ಅಷ್ಟು ದಿನ ಕಾಯಬೇಡಿ. ಉಳಿದ ಹೆಚ್ಚಿನ ಸದ್ದುಗಳಿಗೆ ಒಂದೆರಡು ವಾರ ತಡೆದರೂ ನಡೆಯುತ್ತದೆ. ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ (ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಕೀಲು) ಸಡಿಲ ಇದೆ ಅಂತ ಹೇಳಿದರೆ ಮಾತ್ರ ಆ ಕಾರಿನಲ್ಲಿ ಘಟ್ಟ ಇಳಿಯಬೇಡಿ. ಅದು ಕಳಚಿದರೆ ಚಕ್ರ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಕಾರನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೋಗಿ, ಪಾರ್ಟ್ ಬಂದ ಮೇಲೆ ಹಾಕಿಸಿಕೊಂಡು ತನ್ನಿ.